ಉಳಿದದ್ದೆಲ್ಲ ಗೆದ್ದದ್ದಲ್ಲ

ಸಕ್ಕರೆ ಕಾಯಿಲೆಯವರಿಗೆ ಹಲ್ಲಿನ ಇಂಪ್ಲಾಂಟ್ ಕೂರುವುದಿಲ್ಲ ಎಂಬ ಅಂಜಿಕೆ ಬಹುಮಟ್ಟಿಗೆ ಹೋಗಿದೆ. ಆದರೆ ಅದರ ಜಾಗಕ್ಕೆ ಬಂದಿರುವ ಧೈರ್ಯಕ್ಕೂ ಆಧಾರ ಸಾಲದು.

2014ರಲ್ಲಿ ಥಾಮಸ್ ಓಟ್ಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನವನ್ನೇ ನೋಡಿ. 117 ಜನರ ಕೆಳದವಡೆಗೆ ತಲಾ ಎರಡು ಇಂಪ್ಲಾಂಟ್ ಕೂರಿಸಿದರು. ವರ್ಷದ ಬಳಿಕ ಸಕ್ಕರೆ ಇದ್ದವರಲ್ಲೂ ಇಲ್ಲದವರಲ್ಲೂ ಹೆಚ್ಚುಕಮ್ಮಿ ಎಲ್ಲವೂ ಉಳಿದಿದ್ದವು. ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇ 8 ದಾಟಿದವರಲ್ಲಿ ಮಾತ್ರ ಮೂಳೆಯ ಹಿಡಿತ ಬಿಗಿಯಾಗಲು ಹೆಚ್ಚು ಕಾಲ ಹಿಡಿಯಿತು. ಭರವಸೆಯ ಫಲಿತಾಂಶವೇ ಸರಿ. ಆದರೆ ಇದು ಒಂದೇ ವರ್ಷದ ಲೆಕ್ಕ, ಅದೂ ಗಟ್ಟಿ ಮೂಳೆಯ ಕೆಳದವಡೆಯದು.

ಸಂಕಟ ಆಮೇಲಿನದು. ಇಂಪ್ಲಾಂಟಿಗೆ ಬಳಸುವ ಟೈಟಾನಿಯಂ ನೇರವಾಗಿ ಮೂಳೆಗೇ ಬೆಸೆಯುತ್ತದೆಂದು ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ 1950ರ ದಶಕದಲ್ಲಿ ಕಂಡುಕೊಂಡು, 1965ರಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಸಹಜ ಹಲ್ಲಿನ ಬೇರನ್ನು ಸುತ್ತಿ ಹಿಡಿಯುವ ನಾರಿನ ಪೊರೆ ಇಂಪ್ಲಾಂಟಿಗೆ ಇಲ್ಲ. ವಸಡು ಊದಿಕೊಂಡರೆ ಸೋಂಕು ಹೆಚ್ಚು ನೋವಿಲ್ಲದೆ ಮೂಳೆಗಿಳಿಯಬಹುದು. ಸಕ್ಕರೆ ಸದಾ ಏರಿಯೇ ಇದ್ದರೆ ಗಾಯ ನಿಧಾನಕ್ಕೆ ಮಾಯುತ್ತದೆ, ಸೋಂಕನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ಇಂಪ್ಲಾಂಟ್ ಬಾಯಲ್ಲಿ ಉಳಿದಿದ್ದೂ ಸುತ್ತಲಿನ ಮೂಳೆ ಸವೆಯುತ್ತಿರಬಹುದು. ಇದನ್ನು ಗೆಲುವೆಂದು ಬರೆದುಕೊಳ್ಳುವುದು ಲೆಕ್ಕದ ಕೊರತೆ.

ಈ ಕೊರತೆ ನೀಲಗಿರಿಯಲ್ಲಿ ಇನ್ನಷ್ಟು ದೊಡ್ಡದು. ಗುಡಲೂರಿನವರು ಚಿಕಿತ್ಸೆಗೆಂದು ಒಂದೆರಡು ಸಲ ಮೈಸೂರಿಗೋ ಕೊಯಮತ್ತೂರಿಗೋ ಹೋಗಿಬಂದಾರು. ಆಮೇಲೆ ವರ್ಷವರ್ಷವೂ ವಸಡಿನ ತಪಾಸಣೆ, ಕ್ಲೀನಿಂಗ್, ಎಕ್ಸ್‌ರೇಗೆ ಹೋಗುವುದು ಯಾರು? ಮೈಸೂರಿನ ದಾರಿಯಲ್ಲಿರುವ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ; ಮಸಿನಗುಡಿಯಿಂದ ಊಟಿಗೆ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಬೇಕು. ದಿನದ ಕೂಲಿ ಬಿಟ್ಟು, ನೋಯದ ಹಲ್ಲಿಗಾಗಿ ಯಾರೂ ಹೊರಡರು. ಮರಳಿ ಬಾರದ ರೋಗಿ ಕ್ಲಿನಿಕ್ಕಿನ ಸೋಲಿನ ಪಟ್ಟಿಯಲ್ಲೂ ಕಾಣಿಸುವುದಿಲ್ಲ.

ಹಾಗೆಂದು ಇಂಪ್ಲಾಂಟ್ ಬೇಡವೆನ್ನುವುದೂ ಅನ್ಯಾಯ. ಶುಗರ್ ಹಿಡಿತದಲ್ಲಿದ್ದು, ತಂಬಾಕು ಬಿಟ್ಟು, ತಪಾಸಣೆಗೆ ತಪ್ಪದೆ ಬರಬಲ್ಲವರಿಗೆ ಅದು ಒಳ್ಳೆಯ ಚಿಕಿತ್ಸೆ. ಉಳಿದವರು ಮೊದಲು ಸಕ್ಕರೆ ಇಳಿಸಲಿ. ಅಲ್ಲಿಯವರೆಗೆ ಸರಿಯಾಗಿ ಕೂರುವ ಹಲ್ಲು ಸೆಟ್ ಕೀಳಾದದ್ದಲ್ಲ. ಆ ಹೊತ್ತಿನ ಶುಗರ್ ಒಂದನ್ನೇ ನೋಡಿ ತೀರ್ಮಾನಿಸುವ ರೂಢಿ ಹೋಗಬೇಕು, ಎರಡು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ನೋಡಬೇಕು.

2021ರಿಂದ ತಮಿಳುನಾಡಿನ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಸಕ್ಕರೆ ಮಾತ್ರೆಯನ್ನು ಮನೆಬಾಗಿಲಿಗೆ ಒಯ್ಯುತ್ತಿದೆ. ಮಾತ್ರೆ ಕೊಡುವ ಕಾರ್ಯಕರ್ತೆ 'ವಸಡಲ್ಲಿ ರಕ್ತ ಬರುತ್ತದೆಯೇ?' ಎಂದೂ ಕೇಳಿದರೆ ಅರ್ಧ ದಾರಿ ಸವೆದಂತೆ. ಇನ್ನರ್ಧ ದಂತವೈದ್ಯರದು: ಇಂಪ್ಲಾಂಟಿನ ದರ ಹೇಳುವ ಮೊದಲು, ಮುಂದಿನ ಐದು ವರ್ಷದ ತಪಾಸಣೆ ಎಲ್ಲಿ, ಯಾರಿಂದ, ಎಷ್ಟು ಖರ್ಚಿಗೆ ಎಂದು ಬರೆದುಕೊಡಲಿ.