ಶೇ 24ರ ಮನೆ, ಶೇ 26ರ ಮನೆ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿ ಲೋಳಸೂರ ಸೇತುವೆ ಮುಳುಗಿತು. ನೀರು ಇಳಿಯುತ್ತಿದ್ದಂತೆ ಊರೂರಿಗೆ ಮೂರು ಅಕ್ಷರ ಬಂದವು: ಎ, ಬಿ, ಸಿ. ಮನೆಗೆ ಶೇ 75ಕ್ಕಿಂತ ಹೆಚ್ಚು ಹಾನಿಯಾದರೆ ಎ, 25ರಿಂದ 75ರವರೆಗೆ ಬಿ, 15ರಿಂದ 25ರವರೆಗೆ ಸಿ. ಮೊತ್ತ ಪರಿಷ್ಕರಣೆಯಾದ ಮೇಲೆ ಎ ಮನೆಗೆ 5 ಲಕ್ಷ ರೂಪಾಯಿ. ಬಿ ಯಲ್ಲಿ ಕೆಡವಿ ಕಟ್ಟುವವರಿಗೆ 5 ಲಕ್ಷ, ದುರಸ್ತಿ ಮಾಡಿಕೊಳ್ಳುವವರಿಗೆ 3 ಲಕ್ಷ. ಸಿ ಗೆ 50 ಸಾವಿರ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಹೊಳೆದಂಡೆಯ ಗೋಳು ಅಲ್ಲಿಂದ ಒಂದೇ ಧಾಟಿಗೆ ಬಿತ್ತು: ‘ನಮ್ಮ ಮನಿ ಸಿ ದಾಗ ಹಾಕ್ಯಾರ್ರಿ.’ ಹಣ ಸಾಕೋ ಸಾಲದೋ ಎಂಬ ಜಗಳ ಬೇರೆ. ನನ್ನ ತಕರಾರು ಸರ್ಕಾರದ ಈ ಪರಿಹಾರ ಆದೇಶದ ಭಾಷೆಯದು.

ಸುಣಧೋಳಿ ಕಡೆಯ ಒಂದು ಹಳೆಯ ಮಣ್ಣಿನ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಕಲ್ಲು ಮಣ್ಣಿನ ಗೋಡೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಮೇಲ್ಮುದ್ದೆ. ನಾಲ್ಕು ದಿನ ನೀರು ನಿಂತು ಒಂದು ಮೂಲೆಯಷ್ಟೇ ಕುಸಿದಿದೆ. ತಲಾಠಿ, ಪಿಡಿಒ, ಇಂಜಿನಿಯರ್ ಬಂದು ನೋಡಿದರೆ ಬಿದ್ದದ್ದು ಕಡಿಮೆ, ನಿಂತದ್ದು ಹೆಚ್ಚು. ಹಾಗಾದರೆ ಸಿ. ಆದರೆ ನಿಂತ ಗೋಡೆ ಬುಡದವರೆಗೂ ನೀರು ಕುಡಿದಿದೆ. ಬಿಸಿಲು ಬಿದ್ದು ಒಣಗುವಾಗ ಬಿರುಕು ಬಿಟ್ಟು ಅದೂ ಮಲಗುತ್ತದೆ. ಆ ಹೊತ್ತಿಗೆ ಸರ್ವೆ ಮುಗಿದಿರುತ್ತದೆ. ಶೇಕಡ ಅಂದರೆ ಯಾವುದರ ಶೇಕಡ? ಗೋಡೆಯ ಉದ್ದದ್ದೋ, ಚಾವಣಿಯದ್ದೋ, ಮನೆಯ ಬೆಲೆಯದ್ದೋ? ಜಂತಿ ಹೊತ್ತ ಮೂಲೆಯೂ ಹಿತ್ತಲಿನ ಅಡ್ಡಗೋಡೆಯೂ ಲೆಕ್ಕದಲ್ಲಿ ಸಮವೇ?

ನ್ಯಾಯಶಾಸ್ತ್ರಜ್ಞ ಎಚ್.ಎಲ್.ಎ. ಹಾರ್ಟ್ 1958ರಲ್ಲಿ ಉದ್ಯಾನದೊಳಗೆ ವಾಹನ ತರಬಾರದೆಂಬ ನಿಯಮವನ್ನು ಉದಾಹರಣೆಯಾಗಿಟ್ಟು, ನಿಯಮದ ಪದ ಎಲ್ಲಿ ಮಸುಕಾಗುತ್ತದೆ ಎಂಬುದನ್ನೇ ಚರ್ಚಿಸಿದರು. ಕಾರು ವಾಹನವೆಂಬುದರಲ್ಲಿ ಅನುಮಾನವಿಲ್ಲ. ಮಕ್ಕಳ ಆಟದ ಗಾಡಿ? ಯಾವ ನಿಯಮಕ್ಕೂ ಗಟ್ಟಿಯಾದ ನಡುಭಾಗ ಒಂದು, ಮಸುಕಾದ ಅಂಚು ಒಂದು. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞೆ ಎಲಿನಾರ್ ರಾಶ್ ಪ್ರಯೋಗಗಳಿಂದ ತೋರಿಸಿದ್ದೂ ಇದಕ್ಕೆ ಹತ್ತಿರದ್ದು: ನಮ್ಮ ಮನಸ್ಸು ವಸ್ತುಗಳನ್ನು ಬೇಲಿ ಹಾಕಿ ವಿಂಗಡಿಸುವುದಿಲ್ಲ, ಒಂದು ಮಾದರಿಗೆ ಎಷ್ಟು ಹತ್ತಿರ ಎಂದು ನೋಡಿ ವಿಂಗಡಿಸುತ್ತದೆ. ಹಕ್ಕಿ ಎಂದಾಕ್ಷಣ ಗುಬ್ಬಿ ನೆನಪಾದಷ್ಟು ಬೇಗ ಕೋಳಿ ನೆನಪಾಗದು. ಕೊಚ್ಚಿಹೋದ ಮನೆ ಬಿದ್ದ ಮನೆಯೇ, ಅದಕ್ಕೆ ಯಾರ ತಕರಾರೂ ಇಲ್ಲ. ಜಗಳವೆಲ್ಲ ನೆನೆದು ನಿಂತ ಮನೆಯದು.

ಮಸುಕನ್ನು ಅಂಕಿಯಿಂದ ಓಡಿಸುತ್ತೇನೆಂಬುದು ಆದೇಶದ ಹುಸಿ ಧೈರ್ಯ. ಮಸುಕು ಹೋಗಲಿಲ್ಲ; ಕಾಗದದಿಂದ ಇಳಿದು ಇಂಜಿನಿಯರ್ ಕಣ್ಣಿಗೆ ಸೇರಿಕೊಂಡಿತು. ಶೇ 24ಕ್ಕೂ 26ಕ್ಕೂ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವೇನೂ ಇಲ್ಲ, ಆದರೆ ಹಣದಲ್ಲಿ ಕನಿಷ್ಠ ಎರಡೂವರೆ ಲಕ್ಷದ ಕಂದರ. ಇಂಥ ಅಂಚಿನಲ್ಲಿ ವಶೀಲಿ ಹುಟ್ಟದಿದ್ದರೇ ಆಶ್ಚರ್ಯ.

ಆಗ ಜಾರಿಯಲ್ಲಿದ್ದ ಕೇಂದ್ರದ ವಿಪತ್ತು ಪರಿಹಾರ ಮಾನದಂಡ ಇನ್ನೂ ಕಠೋರ. ಬಯಲುಸೀಮೆಯಲ್ಲಿ ಪೂರ್ತಿ ಹಾಳಾದ ಮನೆಗೆ 95,100 ರೂಪಾಯಿ. ಶೇ 15ಕ್ಕೆ ಕಡಿಮೆಯಿಲ್ಲದಂತೆ ಭಾಗಶಃ ಹಾಳಾದ ಕಚ್ಚಾ ಮನೆಗೆ 3,200. ಆದರೂ ಅದರಲ್ಲೇ ಒಂದು ಪ್ರಾಮಾಣಿಕ ವಾಕ್ಯವಿದೆ. ಗುಡಿಸಲು ಅಂದರೆ ಹುಲ್ಲು, ಮಣ್ಣು, ಪ್ಲಾಸ್ಟಿಕ್ ಹಾಳೆಯ ತಾತ್ಕಾಲಿಕ ಸೂರು, ರೂಢಿಯಲ್ಲಿ ಅಧಿಕಾರಿಗಳು ಗುಡಿಸಲೆಂದು ಗುರುತಿಸುವಂಥದ್ದು ಎಂಬ ಅರ್ಥದ ವಿವರಣೆ ಅದು. ಸಡಿಲ ವಾಕ್ಯ, ನಿಜ. ಆದರೆ ಯಾರ ವಿವೇಚನೆ ನಡೆಯುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ.

ರಾಜ್ಯದ ಆದೇಶ ಬಿ ವರ್ಗವನ್ನು ಎರಡು ಮಾಡಿದ್ದೂ ಒಪ್ಪತಕ್ಕದ್ದೇ. ಕೆಡವಿ ಕಟ್ಟಬೇಕಾದ ಬಿ ಮನೆಗೂ 5 ಲಕ್ಷ ಎಂದ ಕೂಡಲೇ 75ರ ಗೆರೆಯ ಬೆಲೆ ಹೋಯಿತು. ಎಷ್ಟು ಬಿದ್ದಿದೆ ಎಂಬ ಪ್ರಶ್ನೆ ಬಿಟ್ಟು, ಇದರಲ್ಲಿ ಇನ್ನು ಬಾಳುವೆ ಮಾಡಬಹುದೇ ಎಂದು ಸರ್ಕಾರ ಕೇಳಿತು. ಇಡೀ ವರ್ಗೀಕರಣದಲ್ಲಿ ಮನೆಯನ್ನು ಮನೆಯಾಗಿ ನೋಡಿದ್ದು ಇಲ್ಲಿ ಮಾತ್ರ. ಸಿ ಮನೆಗಳಿಗೆ ಈ ಪ್ರಶ್ನೆ ಕೇಳದೆ ಬಿಟ್ಟದ್ದು ದೊಡ್ಡ ಲೋಪ.

ಘಟಪ್ರಭೆ 2021ರಲ್ಲೂ 2024ರಲ್ಲೂ ಮತ್ತೆ ಉಕ್ಕಿದೆ. ಸಂಕೇಶ್ವರಕ್ಕೆ ಹಿರಣ್ಯಕೇಶಿ ನದಿಯ ಕಾಟ ತಪ್ಪಿಲ್ಲ. ಮುಂದಿನ ಆದೇಶ ಬರೆಯುವವರು ಶೇಕಡದ ಕಾಲಂ ತೆಗೆದು, ಜಂತಿ ಹೊತ್ತ ಗೋಡೆ ಬಿದ್ದಿದೆಯೇ, ಬುನಾದಿ ಕುಸಿದಿದೆಯೇ, ಒಳಗೆ ಜನ ಮಲಗಬಹುದೇ ಎಂಬ ಪ್ರಶ್ನೆಗಳನ್ನು ಬರೆಯಲಿ. ಗೋಡೆ ಒಣಗಿದ ಮೇಲೆ ಇನ್ನೊಮ್ಮೆ ತಪಾಸಣೆ ಕಡ್ಡಾಯವಾಗಲಿ. ಪಂಚನಾಮೆಯ ಒಂದು ಪ್ರತಿ ಮನೆಯವರ ಕೈಗೆ ಸಿಗಲಿ.