ನಾಜಿಯಾ ಹಸನ್ ಅವರ ‘ಡಿಸ್ಕೋ ದೀವಾನೆ’: ಕೆಲವು ವಿಚಾರಗಳು

ಲಘುಸಂಗೀತವನ್ನು ವಿಮರ್ಶೆಯ ವಸ್ತುವಾಗಿ ಎತ್ತಿಕೊಳ್ಳುವುದಕ್ಕೆ ನಮ್ಮ ವಿದ್ವಾಂಸರು ಹಿಂಜರಿಯುವುದು ವಾಡಿಕೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ ಇವರನ್ನು ಕುರಿತು ಮುಂಬಯಿಯ ಕನ್ನಡಿಗನು ಗಂಟೆಗಟ್ಟಲೆ ಮಾತನಾಡಬಲ್ಲನು. 1981ರಲ್ಲಿ ಇದೇ ನಗರವನ್ನು ಮರುಳುಗೊಳಿಸಿದ ‘ಡಿಸ್ಕೋ ದೀವಾನೆ’ಯ ಹೆಸರೆತ್ತಿದರೆ ಮುಗುಳ್ನಕ್ಕು ಸುಮ್ಮನಾಗುತ್ತಾನೆ. ಈ ನಗೆ ನ್ಯಾಯವಾದುದೆ ಎಂಬುದೇ ಇಲ್ಲಿಯ ಪ್ರಶ್ನೆ.

ನಾಜಿಯಾ ಹಸನ್ ಹುಟ್ಟಿದುದು 1965ರಲ್ಲಿ, ಕರಾಚಿಯಲ್ಲಿ. ಬೆಳೆದುದರಲ್ಲಿ ಲಂಡನ್ನಿನ ಪಾಲು ದೊಡ್ಡದು. ಹದಿನೈದರ ವಯಸ್ಸಿನಲ್ಲಿ ಫಿರೋಜ್ ಖಾನರ ‘ಕುರ್ಬಾನಿ’ (1980) ಚಿತ್ರಕ್ಕಾಗಿ ಆಕೆ ಹಾಡಿದ ಒಂದೇ ಒಂದು ಹಾಡು ಮರುವರ್ಷ ಫಿಲ್ಮ್‌ಫೇರ್ ಪ್ರಶಸ್ತಿಯನ್ನು ತಂದುಕೊಟ್ಟಿತು. ಅದರ ಬೆನ್ನಲ್ಲೇ ಬಂದ ‘ಡಿಸ್ಕೋ ದೀವಾನೆ’ಯಲ್ಲಿ ತಮ್ಮ ಜೋಹೆಬನೂ ಜತೆಗೂಡಿದನು. ಎರಡಕ್ಕೂ ಸೂತ್ರಧಾರರು ಬಿದ್ದು ಅಪ್ಪಯ್ಯನವರು. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಗಿಟಾರು ಹಿಡಿದು, ಅರವತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋದ ಈ ಕೊಡವರು 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಎಂಬ ಗೀತದಿಂದ ಜಗತ್ತಿಗೆಲ್ಲ ಪರಿಚಿತರಾಗಿದ್ದರು. ಫಿರೋಜ್ ಖಾನರ ಜನ್ಮಸ್ಥಳವೂ ಬೆಂಗಳೂರೇ. ಇಷ್ಟರಿಂದಲೇ ಇವರನ್ನು ‘ನಮ್ಮವರು’ ಎಂದು ಹಾರ ಹಾಕಿ ಬರಮಾಡಿಕೊಳ್ಳುವ ಉತ್ಸಾಹ ನಮ್ಮ ಸಂಘಗಳಿಗೆ ಉಂಟು, ಅದು ವಿಮರ್ಶೆಯಲ್ಲ. ಬಿದ್ದು ಅವರ ಸಂಗೀತದಲ್ಲಿ ಕೊಡಗಿನ ದುಡಿಯ ನಾದವನ್ನು ಹುಡುಕುವುದು ವ್ಯರ್ಥ. ಅಲ್ಲಿರುವುದು ಊರು ಬಿಟ್ಟವನ ಸ್ವಾತಂತ್ರ್ಯ. ಯಾವ ಸಂಪ್ರದಾಯಕ್ಕೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಒಂದು ನಿರಾಳತೆ. ಅದರ ಬೆಲೆಯನ್ನೂ ಕೊರತೆಯನ್ನೂ ಮುಂಬಯಿಯಲ್ಲಿ ನೆಲಸಿದ ನಮಗಿಂತ ಬಲ್ಲವರಾರು?

ಮೊದಲು ತಾಳದ ಮಾತು. ಹಿಂದುಸ್ತಾನಿಯಲ್ಲಿ ಕೇಳುಗನು ಸಮಕ್ಕಾಗಿ ಕಾಯುತ್ತಾನೆ. ಖಾಲಿಯ ಹಗುರವನ್ನು ದಾಟಿ ಸಮಕ್ಕೆ ಬಂದಾಗ ತಲೆದೂಗುತ್ತಾನೆ. ಡಿಸ್ಕೋದಲ್ಲಿ ನಾಲ್ಕು ಪೆಟ್ಟುಗಳಿಗೂ ದೊಡ್ಡ ಡೋಲು ಒಂದೇ ತೂಕದಿಂದ ಬೀಳುತ್ತದೆ, ನಿಮಿಷಕ್ಕೆ ಹೆಚ್ಚುಕಡಮೆ 120ರಂತೆ. ಎಲ್ಲ ಪೆಟ್ಟೂ ಸಮವೇ ಆದಮೇಲೆ ಸಮವೆಂಬುದೇ ಇಲ್ಲ. ಕಾಯುವ ಸುಖವೂ ಇಲ್ಲ. ಶಾಸ್ತ್ರಜ್ಞರ ಈ ಆಕ್ಷೇಪ ನಿಜವಾದುದು. ಆದರೆ ಕುಣಿಯುವವನಿಗೆ ಬೇಕಾದುದು ಎಲ್ಲಿಂದ ಬೇಕಾದರೂ ಒಳಹೊಗಬಹುದಾದ ತಾಳ. ಇದಕ್ಕೆ ದೀಕ್ಷೆಯಿಲ್ಲ, ಬಾಗಿಲಿಲ್ಲ. 1979ರಲ್ಲಿ ಶಿಕಾಗೋದ ಆಟದ ಬಯಲಿನಲ್ಲಿ ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸಿದರು. ಅಮೆರಿಕದಲ್ಲಿ ಅದರ ಇಳಿಗಾಲ ಬಂದಾಗ ಮುಂಬಯಿಯಲ್ಲಿ ಅದರ ಏರುಗಾಲ.

ಇನ್ನು ಕಂಠ. ನಾಜಿಯಾರ ಕಂಠ ಪಳಗಿದುದಲ್ಲ. ತುಸು ಮೂಗಿನಿಂದ ಬರುವುದು. ಗಮಕವಿಲ್ಲ, ಮುರ್ಕಿಯಿಲ್ಲ, ಮೇಲಿನ ಸ್ಥಾಯಿಯಲ್ಲಿ ಬಲವಿಲ್ಲ. ಲತಾ, ಆಶಾ ಇವರ ಅಳತೆಗೋಲನ್ನು ಹಿಡಿದರೆ ಎರಡನೆಯ ಸಾಲಿಗೇ ಸೋಲುವ ಕಂಠ. ಆದರೂ ಕ್ಷೇಮೇಂದ್ರನು ಔಚಿತ್ಯವೆಂದು ಹೇಳಿದನಲ್ಲ, ಅದು ಇಲ್ಲಿ ಪೂರ್ಣವಾಗಿದೆ. ಚಿತ್ರಗೀತದಲ್ಲಿ ಹಿನ್ನೆಲೆ ಗಾಯಕಿ ಎಷ್ಟೇ ದೊಡ್ಡವಳಾದರೂ ಮತ್ತೊಬ್ಬಳ ಮುಖಕ್ಕೆ ಉಸಿರು ಕೊಡುವವಳು. ‘ಕುರ್ಬಾನಿ’ಯಲ್ಲಿ ಈ ಹುಡುಗಿಯ ದನಿಗೆ ಜೀನತ್ ಅಮಾನರ ಮುಖವಿತ್ತು. ‘ಡಿಸ್ಕೋ ದೀವಾನೆ’ಯ ಬೆನ್ನಿಗೆ ಚಿತ್ರವಿಲ್ಲ, ಕತೆಯಿಲ್ಲ, ನಾಯಕಿಯಿಲ್ಲ. ಹದಿಹರೆಯದ ಹುಡುಗಿಯ ಮಾತನ್ನು ಹದಿಹರೆಯದ ಹುಡುಗಿಯೇ ಆಡುತ್ತಾಳೆ. ಪಳಗಿದ ಕಂಠವು ಅಭಿನಯಿಸಬೇಕಾದ ಮುಗ್ಧತೆ ಇಲ್ಲಿ ಅಭಿನಯವಲ್ಲ. ಅಷ್ಟೇ ಅಲ್ಲ, ಉಲ್ಲಾಸದ ತಾಳದ ಮೇಲೆ ಆ ದನಿ ಹೇಗೋ ಖಿನ್ನವಾಗಿಯೇ ಉಳಿಯುತ್ತದೆ. ಎಲ್ಲರೂ ಕುಣಿಯುತ್ತಿರುವಾಗ ಗೋಡೆಗೊರಗಿ ನಿಂತವಳ ದನಿ ಅದು. ವಾಚ್ಯಾರ್ಥದಲ್ಲಿ ಈ ಗೀತಗಳು ಬಡವಾದುವು; ಪ್ರೇಮದ ಹುಚ್ಚಿನ ಹಳಸಿದ ಮಾತುಗಳೇ ಹೆಚ್ಚು. ಧ್ವನ್ಯರ್ಥವೆಂದರೆ ಈ ಖಿನ್ನತೆ.

ಗುಣವನ್ನು ಹೇಳಿದಂತೆ ದೋಷವನ್ನೂ ಹೇಳಬೇಕು. ಶೀರ್ಷಿಕೆಯ ಗೀತವನ್ನು ಬಿಟ್ಟು ಮುಂದುವರಿದರೆ ಭಾವ ಬದಲಾಗಬೇಕಾದಲ್ಲಿ ವಾದ್ಯ ಮಾತ್ರ ಬದಲಾಗುತ್ತದೆ. ಒಂದೇ ಕುಳಿತದಲ್ಲಿ ಇಡಿಯ ತಟ್ಟೆಯನ್ನು ಕೇಳುವುದು ಪ್ರೌಢ ಕಿವಿಗೆ ಸುಲಭವಲ್ಲ. ಜೋಹೆಬನ ಪಾಲನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ.

ಮುಂದೆ ‘ಸ್ಟಾರ್’ (1982), ‘ಯಂಗ್ ತರಂಗ್’ (1984) ಬಂದುವು. ‘ಡಿಸ್ಕೋ ಡಾನ್ಸರ್’ (1982) ಬಂದಮೇಲೆ ಡಿಸ್ಕೋ ಮತ್ತೆ ಚಿತ್ರರಂಗದ ಸೊತ್ತಾಯಿತು. ಚಿತ್ರದ ಹಂಗಿಲ್ಲದೆ ಹಾಡುವ ದಾರಿ ಬಹುಕಾಲ ಕಿರಿದಾಗಿಯೇ ಇತ್ತು. ಅದನ್ನು ಮತ್ತೆ ಅಗಲಿಸಿದವರಲ್ಲಿಯೂ ಬಿದ್ದು ಒಬ್ಬರು, 1995ರಲ್ಲಿ ಅಲಿಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ದಿಂದ. ನಾಜಿಯಾ ಕಾನೂನು ಓದಿದರು, ಹಾಡುವುದನ್ನು ಬಿಟ್ಟರು, 2000ದ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ವಯಸ್ಸು 35. 2012ರಲ್ಲಿ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರಕ್ಕಾಗಿ ಶೀರ್ಷಿಕೆಯ ಗೀತವನ್ನು ಹೊಸದಾಗಿ ಕಟ್ಟಿದಾಗ ಡೋಲನ್ನು ದಪ್ಪವಾಗಿಸಿ, ಪಳಗಿದ ಗಾಯಕರನ್ನು ತಂದು, ಆಕೆಯ ಹಳೆಯ ದನಿಯನ್ನು ನಡುವೆ ಇಟ್ಟರು. ಆ ದನಿ ಬರುವ ಕೆಲವು ಕ್ಷಣಗಳಲ್ಲಿ ಮಾತ್ರ ಹಾಡು ಒಬ್ಬರದು ಎನಿಸುತ್ತದೆ.