ಗರಿಯ ಊರು ಯಾವುದು?

ಗಾಳಕ್ಕೆ ಹುಳುವನ್ನೇ ಚುಚ್ಚಿ ಮೀನು ಹಿಡಿಯುವುದು ಒಂದು ರೀತಿ. ಕೊಕ್ಕೆಗೆ ಗರಿ, ರೋಮ, ರೇಷ್ಮೆ ಎಳೆಗಳನ್ನು ಸುತ್ತಿ ನೊಣದಂತೆ ಮಾಡಿ ಮೀನನ್ನು ನಂಬಿಸುವುದು ಇನ್ನೊಂದು ರೀತಿ. ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಈ ಎರಡನೆಯದು ಕಲೆಯಾಗಿಯೇ ಬೆಳೆದಿದೆ. ಹೆಸರಾಂತ ಹಳೆಯ ನೊಣಗಳನ್ನು ನೀರಿಗೆ ಬಿಡದೆ ಗಾಜಿನೊಳಗಿಟ್ಟು, ಪಕ್ಕದಲ್ಲಿ ಅವು ಹುಟ್ಟಿದ ಹೊಳೆಯ ಛಾಯಾಚಿತ್ರವನ್ನು ಜೋಡಿಸಿ ಕಟ್ಟು ಹಾಕಿಸುವವರಿದ್ದಾರೆ. ನೋಡಲು ಸೊಗಸು, ನಿಜ. ಆದರೆ ಒಂದು ಕೃತಿಯ ಪಕ್ಕದಲ್ಲಿ ಒಂದು ನೆಲವನ್ನಿಟ್ಟು ‘ಇದು ಇಲ್ಲಿಯದು’ ಎಂದ ಮೇಲೆ ಆ ಮಾತನ್ನು ಪರೀಕ್ಷಿಸುವುದು ವಿಮರ್ಶೆಯ ಕೆಲಸವಾಗುತ್ತದೆ.

ಈ ಜೋಡಣೆ ಸಾರ್ಥಕವಾಗುವ ಕಡೆಯೂ ಉಂಟು. ಸ್ಕಾಟ್ಲೆಂಡಿನ ಟ್ವೀಡ್ ನದಿಯ ಬಳಿ, ಸ್ಪ್ರೌಸ್ಟನ್ನಿನಲ್ಲಿ, ಜೇಮ್ಸ್ ರೈಟ್ ಎಂಬಾತ 1854ರಲ್ಲಿ ಪಾದ್ರಿ ವಿಲಿಯಂ ಗ್ರೀನ್‌ವೆಲ್ಲನಿಗಾಗಿ ಒಂದು ನೊಣ ಕಟ್ಟಿಕೊಟ್ಟ. ಅದೇ ‘ಗ್ರೀನ್‌ವೆಲ್ಸ್ ಗ್ಲೋರಿ’. ಮೇಣ ತಿಕ್ಕಿದ ಹಳದಿ ರೇಷ್ಮೆಯ ಮೈ, ಹೊಂಬಣ್ಣದ ತಂತಿ, ಬ್ಲ್ಯಾಕ್‌ಬರ್ಡ್ ಎಂಬ ಅಲ್ಲಿಯದೇ ಹಕ್ಕಿಯ ರೆಕ್ಕೆ, ಹುಂಜದ ಕತ್ತಿನ ಗರಿ, ಇಷ್ಟೇ. ಆ ಹೊಳೆಯ ಹುಳುವನ್ನು ನೋಡಿಯೇ ಕಟ್ಟಿದ್ದು. ಇದರ ಪಕ್ಕದಲ್ಲಿ ಟ್ವೀಡಿನ ಚಿತ್ರವಿದ್ದರೆ, ನಮ್ಮ ಆಲಂಕಾರಿಕರ ಮಾತಿನಲ್ಲಿ, ಅದು ಉದ್ದೀಪನವಾಗುತ್ತದೆ. ಇದನ್ನು ದೇಸಿಯ ನೊಣವೆನ್ನೋಣ.

‘ಜಾಕ್ ಸ್ಕಾಟ್’ ಎಂಬ ಸಾಲ್ಮನ್ ನೊಣಕ್ಕೆ ಈ ಮಾತು ಸಲ್ಲದು. ಲಾರ್ಡ್ ಜಾನ್ ಸ್ಕಾಟನ ಸೇವಕನೊಬ್ಬ 19ನೇ ಶತಮಾನದ ನಡುವೆ ಕಟ್ಟಿದ್ದು ಅದು. ಅದಕ್ಕೂ ಟ್ವೀಡಿನ ಚಿತ್ರವನ್ನೇ ಜೋಡಿಸುವುದು ಸಹಜ. ನಾರ್ವೆಗೆ ಹೋಗುವ ದಾರಿಯಲ್ಲಿ ಕಟ್ಟಿದನೆಂಬ ಹೇಳಿಕೆಯೂ ಇದೆ. ಹಾಗಿದ್ದರೆ ಪಕ್ಕದಲ್ಲಿ ಸಮುದ್ರವಿರಬೇಕಾದೀತು! ಅದಿರಲಿ, ಮೈಮೇಲಿನ ಒಡವೆಗಳನ್ನು ನೋಡಿ. ದಕ್ಷಿಣ ಅಮೆರಿಕದ ಟೂಕನ್, ಮಕಾ ಹಕ್ಕಿಗಳ ಗರಿ, ಚೀನಾ ಮೂಲದ ಗೋಲ್ಡನ್ ಫೆಸೆಂಟಿನ ಗರಿ, ಉಷ್ಟ್ರಪಕ್ಷಿಯ ಗರಿ, ನವಿಲುಗರಿ. ಎರಡು ಪಕ್ಕಗಳಲ್ಲಿ ಕಾಡುಕೋಳಿಯ ಕತ್ತಿನ ಗರಿ. ಯಾವ ಹುಳುವಿನ ಅನುಕರಣೆಯೂ ಇಲ್ಲಿಲ್ಲ. ಅಷ್ಟಾದಶ ವರ್ಣನೆಗಳನ್ನು ತುಂಬಿದ ಮಾರ್ಗಕಾವ್ಯದಂತಿದೆ ಇದು. ಇದಕ್ಕೆ ಲಕ್ಷಣಕಾರನೂ ಉಂಟು: ಜಾರ್ಜ್ ಕೆಲ್ಸನ್ 1895ರ ತನ್ನ ಗ್ರಂಥದಲ್ಲಿ ಇಂಥ ನೊಣಗಳ ಒಂದೊಂದು ಗರಿಗೂ ವಿಧಿ ಬರೆದಿಟ್ಟ.

ಆ ಕಾಡುಕೋಳಿ ಯಾವುದು? ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳಗಿನ ಹೊತ್ತು ಕೂಗುವ ಬೂದು ಕಾಡುಕೋಳಿಯೇ. ಭಾರತದ ಹೊರಗೆ ಅದರ ಸಹಜ ನೆಲೆಯಿಲ್ಲ. ಹುಂಜದ ಕತ್ತಿನ ಗರಿಯ ಮೇಲೆ ಮೇಣದ ಹನಿಯಂಥ ಹೊಳೆಯುವ ಚುಕ್ಕೆಯಿದೆ. ನೊಣಕ್ಕೆ ಅದೇ ಕಣ್ಣಿನಂತೆ ಕಾಣುವುದು. ಆ ಚುಕ್ಕೆಗಾಗಿ ಎಷ್ಟೋ ಹಕ್ಕಿಗಳ ತೊಗಲು ಹಡಗು ಹತ್ತಿತು. ಇಂದು ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಕಟ್ಟಿನೊಳಗೆ ಟ್ವೀಡಿನ ಮಂಜು ಮಾತ್ರ ಕಂಡು ಘಟ್ಟದ ಕಾಡು ಕಾಣದಿದ್ದರೆ, ಕೊಟ್ಟವರ ಹೆಸರು ಬಿಟ್ಟು ಕಟ್ಟಿದವರ ಹೆಸರನ್ನಷ್ಟೇ ಬರೆದಂತಾಗಲಿಲ್ಲವೆ?

ಹೊಳೆಯಾದರೂ ನಿಂತಲ್ಲೇ ನಿಂತಿರುತ್ತದೆಯೆ? ಅಮೆರಿಕದ ಥಿಯೊಡರ್ ಗಾರ್ಡನ್ ನೆವರ್‌ಸಿಂಕ್ ಹೊಳೆಯ ದಡದಲ್ಲಿ ಬಾಳಿ 1915ರಲ್ಲಿ ತೀರಿಕೊಂಡ. ‘ಕ್ವಿಲ್ ಗಾರ್ಡನ್’ ಅವನ ನೊಣ. ನ್ಯೂಯಾರ್ಕ್ ನಗರದ ಕುಡಿಯುವ ನೀರಿಗಾಗಿ ಕಟ್ಟಿದ ಜಲಾಶಯ 1953ರಲ್ಲಿ ಮುಗಿದಾಗ ಅವನು ಗಾಳ ಹಾಕಿದ ಹರಿವಿನ ಒಂದು ಭಾಗ ಮುಳುಗಿತು. ಅಲ್ಲಿ ಚಿತ್ರ ತೆಗೆದರೆ ಸಿಗುವುದು ನಿಂತ ನೀರು. ಆ ನಿಂತ ನೀರಿನ ಚಿತ್ರವನ್ನೇ ಹಾಕಬೇಕೆಂದು ನಾನೆನ್ನುತ್ತೇನೆ. ದಡದ ಬೇರೊಂದು ಚೆಲುವಾದ ತಿರುವನ್ನು ಹುಡುಕಿ ತೆಗೆದ ಪಟಕ್ಕಿಂತ ಅದರಲ್ಲಿ ಸತ್ಯ ಹೆಚ್ಚು.

ಈ ಹವ್ಯಾಸವನ್ನು ನಾನು ಹಳಿಯುತ್ತಿಲ್ಲ. ಗಾಜಿನೊಳಗೆ ಒಂಟಿಯಾಗಿರುವ ವಸ್ತುವಿಗೆ ನೆಲದ ನೆನಪನ್ನು ತರಬೇಕೆಂಬ ಆಸೆ ದೊಡ್ಡದೇ. ಆದರೆ ಒಂದು ಪಟ ಸಾಲದು. ಜಾಕ್ ಸ್ಕಾಟಿನ ಒಂದು ಪಕ್ಕದಲ್ಲಿ ಟ್ವೀಡ್ ಇರಲಿ, ಇನ್ನೊಂದು ಪಕ್ಕದಲ್ಲಿ ಘಟ್ಟದ ಕಾಡಿರಲಿ. ಕವಿಯ ಊರಿನ ಚಿತ್ರವನ್ನು ಪುಸ್ತಕದ ಮೊದಲಲ್ಲಿ ಅಚ್ಚುಹಾಕಿದೊಡನೆ ಕಾವ್ಯದ ಮೂಲ ತಿಳಿಯಿತೆಂದು ನೆಮ್ಮದಿಯಾಗುವ ನಮಗೂ ಈ ಮಾತು ಸಲ್ಲುತ್ತದೆ. ಕೃತಿ ಕಟ್ಟಿದ ಜಾಗ ಒಂದೇ ಇರಬಹುದು; ಅದಕ್ಕೆ ಗರಿ ಕೊಟ್ಟ ಊರುಗಳು ಹಲವು.